ಭಾವಚಿತ್ರದಲ್ಲಿ ಹೋಲಿಕೆ ಬಂದರೂ ಕಳೆ ಬಾರದಿರುವುದೇಕೆ?

ಚಿತ್ರಾಭ್ಯಾಸಿ:

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ಕೆಲವು ವರ್ಷಗಳಿಂದ ಪೆನ್ಸಿಲ್ ಮತ್ತು ಇದ್ದಿಲಿನಲ್ಲಿ ಭಾವಚಿತ್ರಗಳನ್ನು ಬರೆಯುತ್ತಿದ್ದೇನೆ. ಬಹುಪಾಲು ಚಿತ್ರಗಳು ಜನರು ಮೊಬೈಲಿನಲ್ಲಿ ಕಳುಹಿಸುವ ಫೋಟೊಗಳನ್ನು ನೋಡಿ ಬರೆದವು. ಚೌಕುಳಿ ಹಾಕಿ ಅಳತೆ ಹಿಡಿಯುವುದರಿಂದ ಹೋಲಿಕೆಯ ಬಗ್ಗೆ ಯಾರೂ ದೂರುವುದಿಲ್ಲ. ಆದರೆ ಚಿತ್ರವನ್ನು ಕೈಗೆ ತೆಗೆದುಕೊಂಡವರಲ್ಲಿ ಅನೇಕರು "ಮುಖವೇನೋ ಬಂದಿದೆ, ಕಳೆ ಬಂದಿಲ್ಲ" ಎನ್ನುತ್ತಾರೆ. ಈ ಮಾತನ್ನು ಹಿರಿಯ ಕಲಾವಿದರೊಬ್ಬರ ಮುಂದಿಟ್ಟಾಗ ಅವರು "ಕಣ್ಣಿನ ಮೇಲೆ ಕೆಲಸ ಮಾಡು" ಎಂದಷ್ಟೇ ಹೇಳಿದರು. ಕಣ್ಣಿನ ಮೇಲೆ ಬೇಕಾದಷ್ಟು ಕೆಲಸ ಮಾಡಿದ್ದೇನೆ, ರೆಪ್ಪೆಗೂದಲನ್ನು ಎಣಿಸುವಂತೆ ಬರೆದಿದ್ದೇನೆ, ಚಿತ್ರ ಇನ್ನಷ್ಟು ಬಿಗಿದುಕೊಂಡಿತೇ ಹೊರತು ಭಾವ ಮೂಡಲಿಲ್ಲ.

ಭಾವಚಿತ್ರವೊಂದರಲ್ಲಿ ದುಃಖವೋ ಶಾಂತಿಯೋ ಕಾತರವೋ ನೋಡುವವರಿಗೆ ತಟ್ಟುವುದು ಯಾವ ತಂತ್ರದಿಂದ? ದಯವಿಟ್ಟು "ಅನುಭವಿಸಿ ಬರೆಯಬೇಕು" ಎಂಬಂತಹ ಮಾತುಗಳನ್ನು ಬದಿಗಿಟ್ಟು, ನಿರ್ದಿಷ್ಟ ಚಿತ್ರಗಳನ್ನು ಎದುರಿಗಿಟ್ಟುಕೊಂಡು ವಿವರಿಸಬೇಕೆಂದು ವಿನಂತಿ.

ಜಲವರ್ಣಪ್ರಿಯ:

ಒಳ್ಳೆಯ ಪ್ರಶ್ನೆ. ನಮ್ಮವರೆಲ್ಲರೂ ನೋಡಿರಬಹುದಾದ ಚಿತ್ರದಿಂದಲೇ ಆರಂಭಿಸೋಣ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿರುವ, ದೀಪ ಹಿಡಿದ ಹೆಣ್ಣಿನ ಚಿತ್ರ. 'ಗ್ಲೋ ಆಫ್ ಹೋಪ್' ಎಂದು ಅದಕ್ಕೆ ಹೆಸರು. ರವಿವರ್ಮನದೆಂದು ಬಹಳ ಜನ ತಿಳಿದಿರುವ ಈ ಚಿತ್ರ ವಾಸ್ತವವಾಗಿ ಎಸ್. ಎಲ್. ಹಳದಣಕರ ಅವರದು, 1945-46ರ ಸುಮಾರಿಗೆ ಬರೆದದ್ದು. ದೀಪ ಹಿಡಿದು ನಿಂತವರು ಅವರ ಮಗಳೇ. ಇದು ತೈಲವರ್ಣವಲ್ಲ, ಜಲವರ್ಣ ಎಂಬುದನ್ನು ಮೊದಲು ಗಮನಿಸಬೇಕು, ಏಕೆಂದರೆ ಚಿತ್ರದ ಭಾವಕ್ಕೂ ಮಾಧ್ಯಮಕ್ಕೂ ಇಲ್ಲಿ ನೇರವಾದ ನಂಟಿದೆ.

ಮುಖಕ್ಕೆ ಕೆಳಗಿನಿಂದ ಬೆಳಕು ಬಿದ್ದರೆ ಸಾಮಾನ್ಯವಾಗಿ ಅದು ಭಯಾನಕವಾಗಿ ಕಾಣುತ್ತದೆ. ಗಲ್ಲದ ಕೆಳಗೆ ಟಾರ್ಚು ಹಿಡಿದು ತಮ್ಮ ತಂಗಿಯರನ್ನು ಹೆದರಿಸದ ಮಕ್ಕಳು ಯಾರಿದ್ದಾರೆ? ಮೂಗಿನ ನೆರಳು ಹಣೆಯ ಕಡೆಗೆ ಏರುತ್ತದೆ, ಕಣ್ಣಿನ ಗುಳಿಗಳು ತಲೆಕೆಳಗಾದಂತೆ ತೋರುತ್ತವೆ. ಹಳದಣಕರರ ಚಿತ್ರದಲ್ಲಿಯೂ ಬೆಳಕಿನ ಮೂಲ ಮುಖಕ್ಕಿಂತ ಕೆಳಗೇ ಇದೆ. ಆದರೂ ಅಲ್ಲಿ ಭಯದ ಸುಳಿವಿಲ್ಲ. ಇದಕ್ಕೆ ಕಾರಣ ಒಂದು ಕೈ ದೀಪ ಹಿಡಿದಿದ್ದರೆ ಇನ್ನೊಂದು ಕೈ ಅದಕ್ಕೆ ಮರೆಯಾಗಿರುವುದು. ಬೆಳಕು ಬೆರಳುಗಳ ಸಂದಿನಿಂದ ಸೋಸಿ ಬರುತ್ತದೆ, ಬೆರಳುಗಳ ಅಂಚು ಒಳಗಿನಿಂದಲೇ ಕೆಂಪಾಗಿ ಹೊಳೆಯುತ್ತದೆ, ಮುಖದ ಮೇಲೆ ಬೀಳುವ ನೆರಳುಗಳಿಗೆ ಎಲ್ಲಿಯೂ ಗಡಸು ಗೆರೆಯಿಲ್ಲ. ಜಲವರ್ಣದಲ್ಲಿ ಹೊಳಪೆಂದರೆ ಬಳಿದ ಬಿಳಿಯ ಬಣ್ಣವಲ್ಲ, ತೆಳು ಬಣ್ಣದ ಅಡಿಯಿಂದ ಇಣುಕುವ ಕಾಗದ. ಹಾಗಾಗಿ ಅತ್ಯಂತ ಬೆಳಗಬೇಕಾದ ಜಾಗವನ್ನು ಕಲಾವಿದ ಮುಟ್ಟದೆಯೇ ಉಳಿಸಿಕೊಂಡು, ಸುತ್ತಲಿನ ಕತ್ತಲೆಯನ್ನು ವಾಶ್‌ಗಳ, ಅಂದರೆ ನೀರಾದ ತೆಳು ಬಣ್ಣದ ಪದರಗಳ, ಮೇಲೆ ವಾಶ್ ಹಾಕಿ ಕಟ್ಟಬೇಕಾಗುತ್ತದೆ.

ಈಗ ಅದೇ ಚಿತ್ರದ ತುಟಿಯನ್ನು ಮಾತ್ರ ಕತ್ತರಿಸಿ ತೆಗೆದು ನೋಡಿ. ಆಕೆ ನಗುತ್ತಿದ್ದಾಳೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಆ ಚಿತ್ರದ ನೆಮ್ಮದಿ ಇರುವುದು ಮುಖಭಾವದಲ್ಲಿ ಅಲ್ಲ, ಬೆಳಕನ್ನು ಕಾಪಾಡುತ್ತಿರುವ ಆ ಕೈಯಲ್ಲಿ. ಮೇಲೆ ಕೇಳಿದ ಪ್ರಶ್ನೆಗೆ ನನ್ನ ಉತ್ತರದ ತಿರುಳೂ ಅದೇ.

ಒಪ್ಪದವ:

ಜಲವರ್ಣಪ್ರಿಯ ಅವರ ವಿವರಣೆ ಸೊಗಸಾಗಿದೆ, ಆದರೆ ಒಂದು ಆಕ್ಷೇಪವಿದೆ. ಆ ಚಿತ್ರದ ಹೆಸರಿನಲ್ಲಿಯೇ 'ಆಶೆ' ಇದೆ. ಹೆಸರನ್ನು ಓದಿದ ಮೇಲೆ ಆಶೆ ಕಾಣುವುದರಲ್ಲಿ ಆಶ್ಚರ್ಯವೇನು? ಅದೇ ಚಿತ್ರದ ಕೆಳಗೆ 'ಬಾರದ ಮಗನಿಗಾಗಿ' ಎಂದು ಬರೆದಿದ್ದರೆ ನಾವೆಲ್ಲರೂ ಅಲ್ಲಿ ವಿಷಾದವನ್ನು ಕಂಡು, ಬೆಳಕು ಸೋಸುವ ಬೆರಳುಗಳಲ್ಲಿ ನಡುಕವನ್ನು ಕಂಡು, ಇಷ್ಟೇ ಚೆನ್ನಾಗಿ ವಿವರಿಸುತ್ತಿದ್ದೆವು. ಕಲಾವಿದನ ತಂತ್ರಕ್ಕೆ ನಾವು ಕೊಡುತ್ತಿರುವ ಶ್ರೇಯಸ್ಸಿನಲ್ಲಿ ಅರ್ಧದಷ್ಟು ಶೀರ್ಷಿಕೆಗೆ ಸಲ್ಲಬೇಕು.

ಗೆರೆಯ ಗೆಳೆಯ:

ಒಪ್ಪದವರ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಶೀರ್ಷಿಕೆಯ ನೆರವೇ ಬೇಡದ ಚಿತ್ರವೊಂದನ್ನು ಮುಂದಿಡುತ್ತೇನೆ. ಅದರಲ್ಲಿ ನೆರಳು ಬೆಳಕಿನ ಆಟವೂ ಇಲ್ಲ.

1618ರಲ್ಲಿ ಜಹಾಂಗೀರನ ಆಸ್ಥಾನದ ಇನಾಯತ್ ಖಾನ್ ಎಂಬ ಅಧಿಕಾರಿ ಅಫೀಮು ಮತ್ತು ಮದ್ಯದ ಚಟದಿಂದ ಸಾಯುವ ಸ್ಥಿತಿ ತಲುಪಿದ್ದ. ಬಾದಶಹನೆದುರು ಅವನನ್ನು ಹೊತ್ತು ತಂದಾಗ, ಎಲುಬಿನ ಮೇಲೆ ಚರ್ಮ ಎಳೆದಂತಿದ್ದ ಆ ದೇಹವನ್ನು ಕಂಡು ಬೆರಗಾದ ಜಹಾಂಗೀರ್, ಅವನ ಚಿತ್ರ ಬರೆಯುವಂತೆ ಚಿತ್ರಕಾರರಿಗೆ ಆಜ್ಞೆ ಮಾಡಿದ. ಈ ಪ್ರಸಂಗವನ್ನು ಬಾದಶಹನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇನಾಯತ್ ಖಾನ್ ಮರುದಿನವೇ ತೀರಿಕೊಂಡ. ಅಂದು ಹುಟ್ಟಿದ ಎರಡು ಚಿತ್ರಗಳು ಈಗಲೂ ಉಳಿದಿವೆ. ಬರಿಯ ಮಸಿ ಮತ್ತು ತೆಳುಛಾಯೆಯಲ್ಲಿರುವ ರೇಖಾಚಿತ್ರ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದೆ, ಬಣ್ಣದ ಚಿತ್ರ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಪಕ್ಕದಿಂದ ಕಾಣುವ ಮುಖ, ಆದ್ದರಿಂದ ನಮ್ಮೊಡನೆ ಕಣ್ಣು ಕೂಡಿಸುವ ಮಾತೇ ಇಲ್ಲ. ಅಳು ಇಲ್ಲ, ನೋವಿನಿಂದ ಕಿವುಚಿದ ಹುಬ್ಬೂ ಇಲ್ಲ. ದಪ್ಪ ದಪ್ಪ ದಿಂಬುಗಳಿಗೆ ಒರಗಿ ಕುಳಿತ ದೇಹ, ತೆರೆದ ಅಂಗಿಯ ನಡುವೆ ಎಣಿಸಬಹುದಾದ ಪಕ್ಕೆಲುಬುಗಳು. ಇಲ್ಲಿ ಭಾವವನ್ನು ಹೊತ್ತಿರುವುದು ಎರಡು ಬಗೆಯ ಗೆರೆಗಳ ನಡುವಿನ ವ್ಯತ್ಯಾಸ. ದಿಂಬುಗಳ ಹೊರರೇಖೆ ತುಂಬಿಕೊಂಡು ದುಂಡಗೆ ಹರಿಯುತ್ತದೆ, ಮನುಷ್ಯನ ಹೊರರೇಖೆ ಪ್ರತಿ ಕೀಲಿನಲ್ಲಿಯೂ ತಡೆದು, ಮುರಿದು, ಮೂಳೆಯ ಮೊನೆಯನ್ನು ಸುತ್ತಿ ಮುಂದೆ ಸಾಗುತ್ತದೆ. ವಸ್ತುಗಳಿಗೆ ಇರುವ ಕಸುವು ಮನುಷ್ಯನಿಗೆ ಇಲ್ಲ ಎಂಬುದನ್ನು ಕಲಾವಿದ ಹೇಳಿಲ್ಲ, ಗೆರೆಯ ಮೈಕಟ್ಟಿನಲ್ಲಿ ತೋರಿಸಿದ್ದಾನೆ. ಮುಖದ ಮೇಲಿನ ಛಾಯೆಯನ್ನು ಸಹ ಮೊಗಲ್ ಚಿತ್ರಕಾರರು ಅಳಿಲಿನ ಕೂದಲಿನ ಕುಂಚದಿಂದ ಚುಕ್ಕೆ ಚುಕ್ಕೆಯಾಗಿ ಕೂಡಿಸುತ್ತಿದ್ದರು. 'ಪರ್ದಾಜ್' ಎಂದು ಕರೆಯುವ ಈ ಕೆಲಸದಲ್ಲಿ ಗುಳಿಬಿದ್ದ ಕೆನ್ನೆಗೆ ನೆರಳು ಬೀಳುವುದಿಲ್ಲ, ಆ ಜಾಗ ಸ್ವಲ್ಪ ಮಾಸುತ್ತದೆ, ಅಷ್ಟೇ.

ನನ್ನ ಮಟ್ಟಿಗೆ ಬಣ್ಣದ ಚಿತ್ರಕ್ಕಿಂತ ಬಾಸ್ಟನ್ನಿನ ರೇಖಾಚಿತ್ರವೇ ಹೆಚ್ಚು ಕಲಕುತ್ತದೆ. ಬಣ್ಣ ಬಂದಾಗ ದಿಂಬು, ಗೋಡೆ, ಬಟ್ಟೆಗಳ ಅಂದ ಕಣ್ಣನ್ನು ಸ್ವಲ್ಪ ಸಂತೈಸಿಬಿಡುತ್ತದೆ. ಹೆಸರು ಗೊತ್ತಿಲ್ಲದವರಿಗೆ ಇದನ್ನು ತೋರಿಸಿ ನೋಡಿ, ಯಾರೂ ಇದನ್ನು ವಿಶ್ರಾಂತಿಯ ಚಿತ್ರವೆಂದು ಭಾವಿಸಲಾರರು.

ತೈಲದ ಹಾದಿ:

ಪಾಶ್ಚಾತ್ಯ ಭಾವಚಿತ್ರವೆಂದ ಮೇಲೆ ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನನ್ನು ಬಿಟ್ಟು ಮಾತನಾಡುವುದು ಕಷ್ಟ. ಅವನು ಮೊಗಲ್ ಚಿತ್ರಗಳನ್ನು ಮುಂದಿಟ್ಟುಕೊಂಡು ಷಹಜಹಾನ್ ಮೊದಲಾದವರ ರೇಖಾಚಿತ್ರಗಳನ್ನು ಬರೆದಿದ್ದನೆಂಬುದರಿಂದ ಗೆರೆಯ ಗೆಳೆಯರ ಮಾತಿಗೂ ನನ್ನ ಮಾತಿಗೂ ಒಂದು ಸೇತುವೆ ತಾನಾಗಿಯೇ ಸಿಗುತ್ತದೆ.

ಎರಡು ಆತ್ಮಚಿತ್ರಗಳನ್ನು ನೋಡೋಣ. ಮೊದಲನೆಯದು ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ, 1628ರ ಸುಮಾರಿನದು, ಆಗ ಅವನಿಗೆ ಇಪ್ಪತ್ತೆರಡರ ಆಸುಪಾಸು. ಚಿತ್ರದ ಎತ್ತರ ಒಂದು ಗೇಣನ್ನು ಸ್ವಲ್ಪ ಮೀರಬಹುದು, ಅಷ್ಟೇ. ಬೆಳಕು ಕತ್ತು, ಕಿವಿ, ಕೆನ್ನೆಯ ಒಂದು ಭಾಗ ಮತ್ತು ಮೂಗಿನ ತುದಿಯ ಮೇಲೆ ಬಿದ್ದಿದೆ. ಕಣ್ಣುಗಳೆರಡೂ ನೆರಳಿನಲ್ಲಿ ಮುಳುಗಿವೆ. ಕೆದರಿದ ಗುಂಗುರು ಕೂದಲನ್ನು ಅವನು ಬಳಿದಿಲ್ಲ, ಹಸಿಯಾಗಿದ್ದ ಬಣ್ಣವನ್ನು ಕುಂಚದ ಹಿಂಬದಿಯ ಕಡ್ಡಿಯಿಂದ ಗೀರಿ ತೆಗೆದಿದ್ದಾನೆ. "ಕಣ್ಣಿನ ಮೇಲೆ ಕೆಲಸ ಮಾಡು" ಎಂಬ ಸಲಹೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕಣ್ಣು ಸ್ಪಷ್ಟವಾಗಿ ಕಾಣದಿರುವುದರಿಂದಲೇ ನಾವು ಅದನ್ನು ಹುಡುಕುತ್ತೇವೆ, ಹುಡುಕುವಾಗ ಆ ಹುಡುಗನ ಅಳುಕೋ ಕುತೂಹಲವೋ ನಮ್ಮೊಳಗೆ ಮೂಡುತ್ತದೆ.

ಎರಡನೆಯದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಅವನು ತೀರಿಕೊಂಡ 1669ನೆಯ ವರ್ಷದ ಚಿತ್ರ. 1656ರಲ್ಲಿ ದಿವಾಳಿಯಾಗಿ ಮನೆ, ಸಂಗ್ರಹ ಎಲ್ಲವನ್ನೂ ಕಳೆದುಕೊಂಡಿದ್ದವನು ಇಲ್ಲಿ ಅರವತ್ತಮೂರರ ಮುದುಕ. ಮುಖದ ಬೆಳಕಿನ ಭಾಗದಲ್ಲಿ ಬಣ್ಣ ಗಾರೆಯಂತೆ ದಪ್ಪಗೆ ಕುಳಿತಿದೆ, ಉಡುಪು ಮತ್ತು ಹಿನ್ನೆಲೆಗಳಲ್ಲಿ ತೆಳುವಾಗಿ ಕರಗಿದೆ. ಕ್ಷ-ಕಿರಣದ ಪರೀಕ್ಷೆಯಿಂದ ತಿಳಿದುಬಂದಿರುವ ಸಂಗತಿ ಇನ್ನೂ ಸ್ವಾರಸ್ಯಕರ. ಮೊದಲು ಅವನು ಕೈಯಲ್ಲಿ ಕುಂಚ ಹಿಡಿದಂತೆ ಬರೆದಿದ್ದ, ಟೊಪ್ಪಿಗೆಯೂ ಈಗಿರುವುದಕ್ಕಿಂತ ದೊಡ್ಡದಿತ್ತು. ಆಮೇಲೆ ಕುಂಚವನ್ನು ತೆಗೆದು ಎರಡು ಕೈಗಳನ್ನೂ ಒಂದರೊಳಗೊಂದು ಹೆಣೆದ, ಟೊಪ್ಪಿಗೆಯನ್ನು ಚಿಕ್ಕದು ಮಾಡಿದ. ಕುಂಚವಿದ್ದಿದ್ದರೆ ಅದು ವೃತ್ತಿಯಲ್ಲಿ ತೊಡಗಿದ ಕಲಾವಿದನ ಚಿತ್ರವಾಗುತ್ತಿತ್ತು. ಈಗ ಅದು ಕೆಲಸ ಮುಗಿಸಿ ಕುಳಿತ ಮನುಷ್ಯನ ಚಿತ್ರ. ಮುಖವನ್ನು ತಿದ್ದದೆ, ಕೈಯಲ್ಲಿದ್ದುದನ್ನು ಕಿತ್ತುಕೊಂಡು ಇಡೀ ಭಾವವನ್ನು ಬದಲಿಸಿದ ರೀತಿ ಇದು.

ಅಂದಹಾಗೆ, ಲಿಯನಾರ್ಡೋ ಅನುಸರಿಸಿದ 'ಸ್ಫುಮಾಟೊ' ಎಂಬ ಹೊಗೆಯಂತಹ ಛಾಯೆಯೂ ಇದೇ ಜಾತಿಯ ಉಪಾಯ. ಮೋನಾಲಿಸಾಳ ಕಣ್ಣು ಮತ್ತು ತುಟಿಗಳ ಕೊನೆಯಲ್ಲಿ ಗೆರೆಯೇ ಇಲ್ಲ. ಆ ನಗೆಯ ಬಗ್ಗೆ ಎಲ್ಲರೂ ಬರೆದಿರುವುದರಿಂದ ನಾನು ಬೆಳೆಸುವುದಿಲ್ಲ.

ಸ್ಟುಡಿಯೊದವ:

ನಾನು ಛಾಯಾಗ್ರಾಹಕ, ಚಿತ್ರ ಬರೆಯುವವನಲ್ಲ. ಆದರೂ ರೆಂಬ್ರಾಂಟನ ಹೆಸರು ನಮ್ಮ ಕಸುಬಿನಲ್ಲಿಯೂ ದಿನನಿತ್ಯ ಬರುತ್ತದೆ. ದೀಪವನ್ನು ಮುಖಕ್ಕಿಂತ ಎತ್ತರದಲ್ಲಿ, ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿ ಸರಿಸಿ ಇಟ್ಟಾಗ, ಮೂಗಿನ ನೆರಳು ಕೆನ್ನೆಯ ನೆರಳನ್ನು ಕೂಡಿಕೊಂಡು, ಕತ್ತಲೆಯ ಬದಿಯ ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನ ಉಳಿಯುತ್ತದೆ. ಇದನ್ನೇ ರೆಂಬ್ರಾಂಟ್ ಲೈಟಿಂಗ್ ಎನ್ನುತ್ತೇವೆ. ಆ ತ್ರಿಕೋನ ಕಣ್ಣಿನಷ್ಟೇ ಅಗಲವಿದ್ದು ಮೂಗಿನ ಉದ್ದವನ್ನು ಮೀರದಿದ್ದರೆ ಮುಖಕ್ಕೆ ಗಾಂಭೀರ್ಯ ಬರುತ್ತದೆ. ದೀಪವನ್ನು ನೇರವಾಗಿ ಮುಂದೆ ತಂದರೆ ಅದೇ ಮುಖ ಗುರುತಿನ ಚೀಟಿಯ ಮುಖವಾಗುತ್ತದೆ. ಕುಳಿತವರು ತಮ್ಮ ಮುಖಭಾವವನ್ನು ಎಳ್ಳಷ್ಟೂ ಬದಲಿಸಿರುವುದಿಲ್ಲ.

ಇನ್ನೊಂದು ವಿಷಯ. ಫಿಲ್ಮಿನ ಕಾಲದಲ್ಲಿ ನೆಗೆಟಿವ್‌ನ ಮೇಲೆ ಮೊನೆಯಾದ ಪೆನ್ಸಿಲಿನಿಂದ ರೀಟಚ್ ಮಾಡುತ್ತಿದ್ದರು. ಗಿರಾಕಿಗಳು ಮುಖದ ಸುಕ್ಕು ತೆಗೆಯಲು ಹೇಳುತ್ತಿದ್ದರು, ರೀಟಚ್ ಮಾಡುವವರು ಹುಬ್ಬುಗಳ ನಡುವಿನ ಗೆರೆ, ಮೂಗಿನಿಂದ ತುಟಿಗಿಳಿಯುವ ಗೆರೆ, ಕಣ್ಣಿನ ಕೆಳಗಿನ ಚೀಲ ಎಲ್ಲವನ್ನೂ ಸವರಿಬಿಡುತ್ತಿದ್ದರು. ಇಂದು ಮೊಬೈಲು ಆ ಕೆಲಸವನ್ನು ಕೇಳದೆಯೇ ಮಾಡುತ್ತದೆ. ಚಿತ್ರಾಭ್ಯಾಸಿಯವರಿಗೆ ಬರುವ ಫೋಟೊಗಳಲ್ಲಿ ಕಳೆ ಮೊದಲೇ ಅಳಿಸಿಹೋಗಿರುವ ಸಾಧ್ಯತೆ ಹೆಚ್ಚು. ಇಲ್ಲದ ಭಾವವನ್ನು ಅವರು ಎಷ್ಟು ಚೌಕುಳಿ ಹಾಕಿದರೂ ಕಾಗದಕ್ಕೆ ತರಲಾರರು.

ಅಚ್ಚುಮನೆ:

ಇದುವರೆಗೆ ಎಲ್ಲರೂ ಮುಖದ ಬಗ್ಗೆಯೇ ಬರೆದಿದ್ದೀರಿ. ಮುಖವನ್ನೇ ಮರೆಮಾಡಿ ಭಾವವನ್ನು ತೋರಿಸಿದ ಕಲಾವಿದೆಯೊಬ್ಬರನ್ನು ನೆನೆಯಬೇಕು. ಜರ್ಮನಿಯ ಕೇಥೆ ಕೋಲ್ವಿಟ್ಸ್ ಅವರ ಕಿರಿಯ ಮಗ ಪೀಟರ್, 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಮಡಿದ, ಅವನಿಗೆ ಆಗ ಹದಿನೆಂಟು ವರ್ಷ. ಆ ದುಃಖವನ್ನು ಚಿತ್ರಿಸಲು ಆಕೆ ಎಚ್ಚಿಂಗ್ (ಲೋಹದ ಫಲಕದ ಅಚ್ಚು) ಮತ್ತು ಲಿಥೋಗ್ರಾಫ್‌ಗಳಲ್ಲಿ (ಕಲ್ಲಚ್ಚು) ಯತ್ನಿಸಿ ತೃಪ್ತರಾಗದೆ, 1920ರಲ್ಲಿ ಜರ್ಮನಿಯವರೇ ಆದ ಕಲಾವಿದ ಎರ್ನ್‌ಸ್ಟ್ ಬಾರ್ಲಾಖ್ ಅವರ ಮರದಚ್ಚಿನ ಚಿತ್ರಗಳನ್ನು ಕಂಡ ಮೇಲೆ ಆ ಮಾಧ್ಯಮಕ್ಕೆ ತಿರುಗಿದರು. 'ಯುದ್ಧ' ಎಂಬ ಏಳು ಅಚ್ಚುಗಳ ಮಾಲೆ ಹೀಗೆ ಹುಟ್ಟಿತು.

ಅದರಲ್ಲಿ 'ತಂದೆ ತಾಯಿ' ಎಂಬ ಚಿತ್ರವಿದೆ. ಮಂಡಿಯೂರಿದ ಗಂಡ ಹೆಂಡತಿ ಒಬ್ಬರಿಗೊಬ್ಬರು ಆತು ಕುಸಿದಿದ್ದಾರೆ. ತಂದೆ ಕೈಯಿಂದ ಮುಖ ಮುಚ್ಚಿಕೊಂಡಿದ್ದಾನೆ, ತಾಯಿಯ ಮುಖ ಅವನ ಮೈಯಲ್ಲಿ ಹುದುಗಿಹೋಗಿದೆ. ಇಬ್ಬರ ದೇಹಗಳೂ ಸೇರಿ ಒಂದೇ ಕಪ್ಪು ರಾಶಿಯಾಗಿವೆ. ಮರದ ಅಚ್ಚಿನಲ್ಲಿ ಉಳಿ ತಾಗಿದ ಜಾಗ ಬಿಳಿ, ತಾಗದ ಜಾಗ ಕಪ್ಪು, ನಡುವೆ ಬೂದುಬಣ್ಣದ ಮೆತ್ತನೆಯ ದಾರಿಯಿಲ್ಲ. ಬಟ್ಟೆಯ ಮಡಿಕೆಗಳೆಲ್ಲ ಉಳಿಯ ಗಾಯಗಳಂತೆ ಕಾಣುವುದು ಇದರಿಂದಲೇ. ಇದೇ ಸಂಯೋಜನೆಯನ್ನು ನಯವಾದ ಪೆನ್ಸಿಲ್ ಛಾಯೆಯಲ್ಲಿ ಬರೆದರೆ ನೋಡುವವರಿಗೆ ಅನುಕಂಪ ಹುಟ್ಟಬಹುದು, ಆದರೆ ಆ ಗಡಸು ಪೆಟ್ಟು ತಗಲುವುದಿಲ್ಲ. ಮಾಧ್ಯಮವನ್ನು ಆರಿಸುವಾಗಲೇ ಭಾವದ ಅರ್ಧ ತೀರ್ಮಾನವಾಗಿರುತ್ತದೆ ಎಂದು ನಾನು ನಂಬುತ್ತೇನೆ. ಚಿತ್ರಾಭ್ಯಾಸಿಯವರು ಎಲ್ಲ ಮುಖಗಳಿಗೂ ಒಂದೇ ಬಗೆಯ ಪೆನ್ಸಿಲನ್ನು, ಒಂದೇ ನುಣುಪಿನ ಕಾಗದವನ್ನು ಬಳಸುತ್ತಿದ್ದರೆ ಮೊದಲು ಅದನ್ನು ಪರಿಶೀಲಿಸಬೇಕು.

ಒಪ್ಪದವ:

ಇನಾಯತ್ ಖಾನನ ಚಿತ್ರವನ್ನು ಹುಡುಕಿ ನೋಡಿದೆ. ಶೀರ್ಷಿಕೆಯ ಬಗ್ಗೆ ನಾನು ಎತ್ತಿದ ಆಕ್ಷೇಪ ಅದಕ್ಕೆ ಅನ್ವಯಿಸುವುದಿಲ್ಲ, ದೀಪದ ಹೆಣ್ಣಿಗೆ ಅನ್ವಯಿಸುತ್ತದೆ ಎಂಬ ಅಭಿಪ್ರಾಯ ಹಾಗೆಯೇ ಇದೆ. ಆದರೆ ಬಣ್ಣದ ಬಗ್ಗೆ ಯಾರೂ ಮಾತನಾಡಿಲ್ಲವಲ್ಲ? ನೀಲಿ ಎಂದರೆ ದುಃಖ, ಹಳದಿ ಎಂದರೆ ಸಂತೋಷ ಎಂದು ಕಲಿಸುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ನಮ್ಮಲ್ಲಿ ನೀಲಿ ಕೃಷ್ಣನ ಬಣ್ಣ, ಅದರಲ್ಲಿ ದುಃಖವೆಲ್ಲಿಂದ ಬಂತು?

ತೈಲದ ಹಾದಿ:

ಪಟ್ಟಿಗಳನ್ನು ನಂಬದಿರುವುದೇ ಒಳ್ಳೆಯದು. ಬಣ್ಣವೊಂದೇ ಭಾವವನ್ನು ಹೊರಲಾರದು, ಪಕ್ಕದ ಬಣ್ಣ ಮತ್ತು ದೇಹದ ಭಂಗಿ ಜೊತೆಗೂಡಬೇಕು. 1890ರ ಜೂನಿನಲ್ಲಿ ವ್ಯಾನ್ ಗಾಗ್ ಬರೆದ ಡಾಕ್ಟರ್ ಗಾಶೆಯ ಚಿತ್ರದಲ್ಲಿ ಹಿನ್ನೆಲೆ, ಕೋಟು ಎಲ್ಲವೂ ನೀಲಿಯೇ. ಆದರೆ ಮುಷ್ಟಿಗೆ ಕೆನ್ನೆ ಆನಿಸಿ ಓರೆಯಾಗಿ ವಾಲಿದ ಆ ದೇಹವನ್ನು ನೆಟ್ಟಗೆ ಕೂರಿಸಿದ್ದರೆ, ಆ ನೀಲಿ ಬೇಸಗೆಯ ಆಕಾಶದ ನೀಲಿಯಾಗಬಹುದಿತ್ತು. ಕೆಂಪು ಮೇಜು ಎದುರಿಗಿರುವುದರಿಂದ ನೀಲಿ ಇನ್ನಷ್ಟು ತಣ್ಣಗಾಗಿದೆ. ತಲೆಯನ್ನು ಕೈಗೆ ಆನಿಸುವ ಭಂಗಿ ಯುರೋಪಿನಲ್ಲಿ ಬಹಳ ಹಿಂದಿನಿಂದಲೂ ವಿಷಾದದ ಗುರುತಾಗಿ ಬಂದದ್ದು. ಕೆನ್ನೆಗೆ ಕೈಯಿಟ್ಟು ಕೂತರೆ ನಮ್ಮ ಮನೆಗಳಲ್ಲಿಯೂ ಹಿರಿಯರು ಗದರುತ್ತಾರೆ.

ಇದಕ್ಕೆ ಎದುರಾಗಿ ಅಮೃತಾ ಶೇರ್‌ಗಿಲ್ ಅವರ 1935ರ 'ಮೂವರು ಹುಡುಗಿಯರು' ಚಿತ್ರವನ್ನು ನೋಡಿ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅಲ್ಲಿ ಬೆಚ್ಚನೆಯ ಬಣ್ಣಗಳು ಧಾರಾಳವಾಗಿವೆ, ಆದರೂ ಸಂತೋಷವಿಲ್ಲ. ಮೂವರೂ ಒತ್ತಾಗಿ ಕುಳಿತಿದ್ದಾರೆ, ಯಾರೂ ಯಾರನ್ನೂ ನೋಡುತ್ತಿಲ್ಲ, ನಮ್ಮನ್ನೂ ನೋಡುತ್ತಿಲ್ಲ. ಹಿನ್ನೆಲೆಯಲ್ಲಿ ಕಿಟಕಿಯಿಲ್ಲ, ಬಾಗಿಲಿಲ್ಲ, ಅವರು ಎದ್ದು ಹೋಗಬಹುದಾದ ದಾರಿಯಿಲ್ಲ.

ಗೆರೆಯ ಗೆಳೆಯ:

ನೋಟದ ಮಾತು ಬಂದದ್ದರಿಂದ ಒಂದು ಟಿಪ್ಪಣಿ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯ ನಿಯಮಗಳನ್ನು ಹೇಳುವ ಭಾಗವಾದ ಚಿತ್ರಸೂತ್ರದಲ್ಲಿ ಕಣ್ಣಿನ ಆಕಾರಗಳನ್ನು ಭಾವಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಯೋಗಸ್ಥಿತಿಗೆ ಬಿಲ್ಲಿನಾಕಾರ, ಅನುರಾಗಕ್ಕೆ ಮೀನಿನ ಹೊಟ್ಟೆಯಾಕಾರ, ನಿರ್ವಿಕಾರಕ್ಕೆ ನೈದಿಲೆಯ ಎಸಳು, ಹೆದರಿದವರಿಗೆ ಮತ್ತು ಅಳುವವರಿಗೆ ತಾವರೆಯ ಎಸಳು. ಇಲ್ಲಿ ಹೇಳಿರುವುದೆಲ್ಲ ರೆಪ್ಪೆಗಳ ಹೊರಗೆರೆ ಹೇಗೆ ಬಾಗಬೇಕೆಂಬುದನ್ನು, ಕಣ್ಣಾಲಿಯ ಹೊಳಪನ್ನಲ್ಲ. ಚಿತ್ರಾಭ್ಯಾಸಿಯವರು ರೆಪ್ಪೆಗೂದಲನ್ನು ಎಣಿಸಿ ಬರೆದರೂ ಪ್ರಯೋಜನವಾಗದಿರುವುದಕ್ಕೆ ಇಲ್ಲಿ ಸ್ವಲ್ಪ ಉತ್ತರವಿದೆ. ಮೇಲಿನ ರೆಪ್ಪೆಯ ಕಮಾನು ಎಲ್ಲಿ ಅತ್ಯಂತ ಎತ್ತರವಾಗಿದೆ, ಒಳಕೊನೆಗೆ ಹತ್ತಿರವೋ ಹೊರಕೊನೆಗೆ ಹತ್ತಿರವೋ ಎಂಬುದನ್ನು ಸರಿಯಾಗಿ ಹಿಡಿದರೆ ಕೂದಲುಗಳು ಬೇಕಾಗುವುದೇ ಇಲ್ಲ.

ಜಲವರ್ಣಪ್ರಿಯ:

ಜಗನ್ಮೋಹನ ಅರಮನೆಗೆ ಹೋದವರು ರವಿವರ್ಮನ 'ಗಾಯಕಿಯರ ಗೋಷ್ಠಿ'ಯನ್ನೂ ಈ ದೃಷ್ಟಿಯಿಂದ ನೋಡಬಹುದು. 1889ರ ಈ ಚಿತ್ರದಲ್ಲಿ ಬೇರೆ ಬೇರೆ ಪ್ರಾಂತ್ಯಗಳ ಉಡುಪು ತೊಟ್ಟ ಹನ್ನೊಂದು ಹೆಂಗಸರಿದ್ದಾರೆ. ಸಂಗೀತದ ಸಭೆಯೆಂದರೆ ಉಲ್ಲಾಸವಿರಬೇಕು, ಆದರೆ ನನಗೆ ಅಲ್ಲಿ ಕಾಣುವುದು ಒಬ್ಬರೊಡನೊಬ್ಬರು ಬೆರೆಯದ ನೋಟಗಳು, ಒಂದು ಬಗೆಯ ಒಂಟಿತನ. ರವಿವರ್ಮ ಅದನ್ನು ಉದ್ದೇಶಪೂರ್ವಕವಾಗಿ ತಂದನೇ, ಅಥವಾ ಬಿಡಿ ಬಿಡಿ ರೂಪದರ್ಶಿಗಳನ್ನು ಒಂದೇ ಕ್ಯಾನ್ವಾಸಿನಲ್ಲಿ ಕೂಡಿಸುವಾಗ ಅದು ತಾನಾಗಿ ಬಂದಿತೇ ಎಂಬುದು ಚರ್ಚಿಸಬಹುದಾದ ವಿಷಯ. ನಾನು ಎರಡನೆಯದರ ಕಡೆಗೆ ವಾಲುತ್ತೇನೆ.

ಚಿತ್ರಾಭ್ಯಾಸಿ:

ಎಲ್ಲರಿಗೂ ಕೃತಜ್ಞತೆಗಳು. ಒಂದು ವ್ಯಾವಹಾರಿಕ ಸಮಸ್ಯೆ ಉಳಿದಿದೆ. ನನಗೆ ಬರುವ ಫೋಟೊಗಳಲ್ಲಿ ಅನೇಕವು ತೀರಿಕೊಂಡವರವು. ಮದುವೆಯ ಮನೆಯಲ್ಲಿ ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದ ಒಂದೇ ಒಂದು ಚಿತ್ರ ಇರುತ್ತದೆ. ಕಿಟಕಿಯ ಪಕ್ಕದಲ್ಲಿ ಕೂರಿಸಿ ಮತ್ತೆ ತೆಗೆಯಿರಿ ಎನ್ನುವಂತಿಲ್ಲ. ಇಂಥಲ್ಲಿ ಏನು ಮಾಡಬಹುದು?

ಸ್ಟುಡಿಯೊದವ:

ಎದುರಿನ ಫ್ಲ್ಯಾಶ್ ಮುಖದ ಮೇಲಿನ ಮೆತ್ತನೆಯ ನೆರಳುಗಳನ್ನೆಲ್ಲ ಅಳಿಸಿ, ತಲೆಯ ಹಿಂದಿನ ಗೋಡೆಯ ಮೇಲೆ ಒಂದು ಗಡಸು ನೆರಳನ್ನು ಬಿಡುತ್ತದೆ. ಅಂಥ ಫೋಟೊವನ್ನು ಹೋಲಿಕೆಗೆ ಮಾತ್ರ ಬಳಸಿ. ಬೆಳಕಿಗಾಗಿ, ಅದೇ ವಯಸ್ಸಿನ, ಅದೇ ಬಗೆಯ ಕೆನ್ನೆಯ ಎಲುಬಿರುವ ಒಬ್ಬರನ್ನು ಬಾಗಿಲ ಬಳಿ ಕೂರಿಸಿ ನೆರಳು ಹೇಗೆ ಬೀಳುತ್ತದೆಂದು ಬರೆದುಕೊಳ್ಳಿ. ಮನೆಯವರಿಂದ ಆ ವ್ಯಕ್ತಿ ಹೇಗೆ ಕೂರುತ್ತಿದ್ದರು, ಕತ್ತನ್ನು ಯಾವ ಕಡೆಗೆ ವಾಲಿಸುತ್ತಿದ್ದರು, ಕೈಯನ್ನು ಎಲ್ಲಿಡುತ್ತಿದ್ದರು ಎಂದು ಕೇಳಿ. ಗುಂಪಿನ ಫೋಟೊಗಳ ಮೂಲೆಯಲ್ಲಿ, ಕ್ಯಾಮೆರಾ ತಮ್ಮತ್ತ ಇದೆಯೆಂದು ಅರಿಯದೆ ನಿಂತಾಗಿನ ಚಿತ್ರ ಎಷ್ಟೋ ಸಲ ಸಿಗುತ್ತದೆ. ಅದು ಎಷ್ಟೇ ಮಸುಕಾಗಿದ್ದರೂ ಭಂಗಿಗೆ ಸಾಕು.

ಅಚ್ಚುಮನೆ:

ಕಾಗದದ ಮೇಲಿನ ಕೆಲಸಕ್ಕೆ ಒಂದು ಕ್ರಮ ಹೇಳುತ್ತೇನೆ. ಬಿಳಿಯ ಕಾಗದದ ಮೇಲೆ ನೇರವಾಗಿ ಗೆರೆಯಿಂದ ಆರಂಭಿಸಬೇಡಿ. ಮೊದಲು ಇದ್ದಿಲಿನ ಪುಡಿಯನ್ನು ಬಟ್ಟೆಯಿಂದ ಉಜ್ಜಿ ಇಡೀ ಹಾಳೆಯನ್ನು ನಡುಬೂದುಬಣ್ಣಕ್ಕೆ ತನ್ನಿ. ಆಮೇಲೆ ಬೆಳಕನ್ನು ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ನಾದುರಬ್ಬರಿನಿಂದ ಎತ್ತಿ ತೆಗೆಯಿರಿ, ಕತ್ತಲೆಯನ್ನು ಇದ್ದಿಲಿನಿಂದ ಕೂಡಿಸಿ. ನೆರಳಿನ ಬದಿಯ ಕೆನ್ನೆಯ ಅಂಚನ್ನು ಹಿನ್ನೆಲೆಯೊಳಗೆ ಕರಗಲು ಬಿಡಿ, ಫೋಟೊದಲ್ಲಿ ಅದು ಸ್ಪಷ್ಟವಾಗಿ ಕಂಡರೂ ಸರಿ. ಶುದ್ಧವಾದ ಬಿಳಿ ಇಡೀ ಚಿತ್ರದಲ್ಲಿ ಒಂದೇ ಕಡೆ ಇರಲಿ, ಅದು ಹಣೆಯೋ ಕೈಯೋ ಎಂಬುದನ್ನು ಮೊದಲೇ ನಿರ್ಧರಿಸಿ. ಕಣ್ಣಾಲಿಯ ನಟ್ಟನಡುವೆ ಬಿದ್ದಿರುವ ಫ್ಲ್ಯಾಶಿನ ಚುಕ್ಕೆಯನ್ನು ಇದ್ದಂತೆಯೇ ಬರೆಯಬೇಡಿ. ನೀವು ಆರಿಸಿಕೊಂಡ ಬೆಳಕು ಯಾವ ದಿಕ್ಕಿನಿಂದ ಬರುತ್ತದೆಯೋ ಆ ಕಡೆಗೆ, ಆಲಿಯ ಮೇಲ್ಭಾಗಕ್ಕೆ ಅದನ್ನು ಸರಿಸಿ. ನೆರಳಿನಲ್ಲಿರುವ ಕಣ್ಣಿನಲ್ಲಿ ಅದನ್ನು ಬೂದುಬಣ್ಣಕ್ಕಿಳಿಸಿ, ಇಲ್ಲವೆ ಬಿಟ್ಟೇಬಿಡಿ.